ಡ್ಯಾಫೊಡಿಲ್ ಬಿಡಿ, ಚಾಟ್ನಿ ಬರೆಯಿರಿ

ತಂಗಿ, ನಮಸ್ಕಾರ.

ನಿಮ್ಮ ಈಸ್ಟರ್ ಲೇಖನ 'ನನ್ನೆದೆಯ ವಸಂತ' ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಬಾಗಲಕೋಟೆಯ ಈ ಸಣ್ಣ ಮಾಸಿಕಕ್ಕೆ ಸಂಪಾದಕ, ಕರಡು ತಿದ್ದುವವ, ಅಂಚೆಗೆ ಹಾಕುವವ ಎಲ್ಲ ನಾನೊಬ್ಬನೇ. ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸು ಕಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ. ಮೂರನೇ ಪುಟದ ಒಂದು ಸಾಲು ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೈಗುಳ.

ಲೇಖನದ ಶುರುವಿನಲ್ಲಿ ಹಿಮ ಕರಗುತ್ತದೆ. ಡ್ಯಾಫೊಡಿಲ್ ಹೂಗಳು ನೆಲ ಸೀಳಿಕೊಂಡು ಬರುತ್ತವೆ. ರಾಬಿನ್ ಹಕ್ಕಿ ಹಾಡುತ್ತದೆ. ಅದೇ ಹೊತ್ತಿಗೆ ನಿಮ್ಮ ಎದೆಯಲ್ಲಿ ಪುನರುತ್ಥಾನದ ಬೆಳಕು ಮೂಡುತ್ತದೆ. ನಿಮ್ಮ ಊರು ತಿಕೋಟಾ ಹತ್ತಿರ ಅಂತ ಲಕೋಟೆಯ ಮೇಲೆ ನೀವೇ ಬರೆದಿದ್ದೀರಿ. ತಿಕೋಟಾದಲ್ಲಿ ಹಿಮ ಎಲ್ಲಿಂದ ಬಂತು? ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಿಗೆ ಕರಗುವುದು ಏನಾದರೂ ಇದ್ದರೆ ಅದು ರಸ್ತೆಯ ಡಾಂಬರು.

ನೀವು ಸುಳ್ಳು ಬರೆದಿದ್ದೀರಿ ಅಂತ ಹೇಳುತ್ತಿಲ್ಲ. ಭಕ್ತಿ ನಿಮ್ಮದೇ. ನೋಡಿದ ಕಣ್ಣು ಮಾತ್ರ ಬೇರೆಯವರದು. ಇದು ಎಲ್ಲಿಂದ ಬಂತು ಅನ್ನುವುದೂ ನನಗೆ ಗೊತ್ತು. ನಾನು ಚರ್ಚಿಗೆ ಹೋಗುವವನಲ್ಲ, ಆದರೆ ಮಿಷನ್ ಶಾಲೆಯಲ್ಲಿ ಓದಿದವನು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರ ಊರಲ್ಲಿ ಚಳಿ ಬಿಟ್ಟು ನೆಲ ಹಸಿರಾಗುವ ಹೊತ್ತಿಗೆ ಈಸ್ಟರ್ ಬರುವುದು ಖರೇನೇ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ಇಂಗ್ಲಿಷಿನಲ್ಲಿ ಹೇಳುವ ಲೆಂಟ್ ಅನ್ನುವ ಮಾತಿಗೇ ಹಿಂದೆ ವಸಂತ ಅಂತ ಅರ್ಥವಿತ್ತು. ಅವರು ತಾವು ಕಂಡದ್ದನ್ನು ಬರೆದರು. ನೀವು ಅವರು ಕಂಡದ್ದನ್ನು ಬರೆದಿರಿ. ನಮ್ಮಲ್ಲಿ ಲೆಂಟಿಗೆ ತಪಸ್ಸು ಕಾಲ ಅನ್ನುತ್ತಾರೆ. ಆ ಮಾತಿನಲ್ಲಿ ಹೂವೂ ಇಲ್ಲ, ಹಕ್ಕಿಯೂ ಇಲ್ಲ. ನಮ್ಮ ಮಾರ್ಚ್ ತಿಂಗಳಿಗೆ ಅದೇ ಸರಿಯಾದ ಹೆಸರು ಅಂತ ನನಗನ್ನಿಸುತ್ತದೆ.

ಇನ್ನೊಂದು ತಮಾಷೆ ನೋಡಿ. ಬೈಬಲಿನ ಪರಮಗೀತೆಯ ಎರಡನೇ ಅಧ್ಯಾಯ ಎತ್ತಿಕೊಂಡಿದ್ದೀರಿ. ಚಳಿಗಾಲ ಹೋಯಿತು, ಮಳೆ ನಿಂತಿತು, ಹೂವು ಕಾಣಿಸಿದವು ಅನ್ನುವ ಮಾತು. ಅದರ ಮರುಸಾಲಿನಲ್ಲೇ 'ವಸಂತದ ಮೊದಲ ಮಳೆ ನನ್ನ ಬರಡು ಮನಸ್ಸನ್ನು ತೋಯಿಸಿತು' ಅಂತ ಬರೆದಿದ್ದೀರಿ. ಮಳೆ ನಿಂತಿತು ಅಂತ ವಚನ ಹೇಳುತ್ತದೆ, ಮಳೆ ಬಂತು ಅಂತ ನೀವು ಹೇಳುತ್ತೀರಿ! ಮತ್ತೆ ನಿಮ್ಮೂರಲ್ಲಿ ಮಾರ್ಚ್‌ನಲ್ಲಿ ಮಳೆ ಬಂದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಶೆಡ್ಡಿನಲ್ಲಿ ಒಣದ್ರಾಕ್ಷಿ ಹಾಕಿದವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಯೇಸು ಓಡಾಡಿದ ನಾಡಿಗೂ ಡ್ಯಾಫೊಡಿಲ್ ನಾಡಿಗೂ ಭಾಳ ದೂರ. ನಿಮ್ಮ ಎರಿ ಹೊಲವೇ ಅದಕ್ಕೆ ಹತ್ತಿರ. ಅಲ್ಲಿ ಮಳೆ ಶುರುವಾಗುವುದು ಅಕ್ಟೋಬರ್-ನವೆಂಬರ್ ಸುಮಾರಿಗೆ. ಆಗ ಗೋಧಿ, ಜವೆಗೋಧಿ ಬಿತ್ತುತ್ತಿದ್ದರು. ಈಸ್ಟರ್ ಸುಮಾರಿಗೇ ಬರುವ ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿಗೆ ಜವೆಗೋಧಿ ಕೊಯ್ಲಿಗೆ ಬರುತ್ತಿತ್ತು. ಅಂದರೆ ಅವರ ವಸಂತ ಸುಗ್ಗಿಯ ಕಾಲ, ಆಮೇಲೆ ಒಣ ಬೇಸಿಗೆ. ನಮ್ಮ ಹಿಂಗಾರಿ ಬೇರೇನು? ಅಕ್ಟೋಬರ್ ಸುಮಾರಿಗೆ ಜೋಳ, ಕಡಲೆ, ಗೋಧಿ ಬಿತ್ತಿ ಫೆಬ್ರವರಿ-ಮಾರ್ಚ್‌ನಲ್ಲಿ ರಾಶಿ ಮಾಡುತ್ತೇವೆ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲನು ಎದ್ದುಬಂದ ಕ್ರಿಸ್ತನನ್ನು ಪ್ರಥಮ ಫಲ ಅನ್ನುತ್ತಾನೆ. ಅದು ಸುಗ್ಗಿಯ ಮೊದಲ ಸಿವುಡು ದೇವರಿಗೆ ಒಪ್ಪಿಸಿದವರ ಮಾತು. ರಾಶಿ ಮಾಡಿದ ಮನೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಮ ಕಂಡವರಿಗೆ ಬಿಡಿಸಿ ಹೇಳಬೇಕು.

ಈಗ ಮೂರನೇ ಪುಟದ ಸಾಲು. 2025ರ ಈಸ್ಟರ್ ಮುಂಜಾನೆಯ ಬಗ್ಗೆ ಬರೆಯುತ್ತಾ ಹೀಗೆ ಹೇಳಿದ್ದೀರಿ: 'ಕಾಕಾ ಚಾಟ್ನಿಗೆ ಹೋಗಿದ್ದರಿಂದ ಅಂದು ಆರಾಧನೆಗೆ ಬರಲಿಲ್ಲ.' ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ದೇವದೂತರು, ಮತ್ತೆ ದಿವ್ಯ ಸ್ಪರ್ಶ.

ತಂಗಿ, ಚಿನ್ನ ತುಳಿದುಕೊಂಡು ಹೋಗಿದ್ದೀರಿ.

ನಮ್ಮ ಓದುಗರೆಲ್ಲ ದ್ರಾಕ್ಷಿ ಸೀಮೆಯವರಲ್ಲ. ಅವರಿಗೆ ಚಾಟ್ನಿ ಅಂದರೆ ತಿನ್ನುವ ಚಟ್ನಿ ನೆನಪಾದೀತು. ಹಾಗಾಗಿ ಬಳ್ಳಿ ಸವರುವ ಕೆಲಸ ಅಂತ ಒಂದು ಕಡೆ ಹೇಳಿಬಿಡಿ. ಆಮೇಲೆ ಬರೆಯಿರಿ. ಹಣ್ಣು ಕೊಯ್ದು ಮುಗಿದ ಮೇಲೆ ಏಪ್ರಿಲ್‌ನಲ್ಲಿ, ರಣಬಿಸಿಲಿನಲ್ಲಿ, ನೆರಳು ಕೊಡುತ್ತಿದ್ದ ಬಳ್ಳಿಯನ್ನು ಬೋಳು ಮಾಡುತ್ತಾರೆ. ಒಂದೊಂದು ಕಡ್ಡಿಗೆ ಚಿಗುರೊಡೆಯುವ ಒಂದೆರಡು ಕಣ್ಣು ಬಿಟ್ಟು ಉಳಿದದ್ದೆಲ್ಲ ಕತ್ತರಿಸುತ್ತಾರೆ. ಗೊತ್ತಿಲ್ಲದವನು ನೋಡಿದರೆ ತೋಟ ಹಾಳಾಯಿತು ಅಂದುಕೊಳ್ಳಬೇಕು, ಹಂಗಿರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಕಣ್ಣು ಬಿಡುತ್ತದೆ. ಮಳೆ ಇಲ್ಲ, ಮೋಡ ಇಲ್ಲ. ಡ್ರಿಪ್ಪಿನ ನೀರು, ಬೇರಿನಲ್ಲಿ ಉಳಿದ ಕಸುವು, ಅಷ್ಟೇ.

ನಾನೇ ನಿಜವಾದ ದ್ರಾಕ್ಷಿ ಬಳ್ಳಿ ಎಂಬ ಯೇಸುವಿನ ಮಾತು ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಶಿಷ್ಯರಿಗೆ ಆಡಿದ ಮಾತದು. ಫಲ ಕೊಡುವ ಕೊಂಬೆಯನ್ನೂ ತಂದೆ ಸುಮ್ಮನೆ ಬಿಡುವುದಿಲ್ಲ, ಇನ್ನೂ ಫಲ ಕೊಡಲಿ ಅಂತ ಶುದ್ಧಿ ಮಾಡುತ್ತಾನೆ ಅಂತ ಅಲ್ಲಿದೆ. ಮೂಲ ಗ್ರೀಕಿನಲ್ಲೂ ಆ ಮಾತಿಗೆ ಚೊಕ್ಕ ಮಾಡುವುದು ಅಂತಲೇ ಅರ್ಥ. ಕಾಕಾ ಅಂದು ಇಡೀ ದಿನ ಮಾಡಿದ್ದು ಆ ಕೆಲಸ. ನೀವು ಎಂಟು ವಚನ ಹಾಕಿದ್ದೀರಿ, ಇದೊಂದು ಬಿಟ್ಟು! ಆ ಎಂಟನ್ನೂ ತೆಗೆದು ಇದೊಂದನ್ನು ಇಡಿ.

ಇನ್ನು ಕೊನೆಯ ಪುಟ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅವ್ವ ಜನವರಿಯಲ್ಲಿ ತೀರಿಕೊಂಡರು ಅಂತ ಒಂದು ಕಡೆ ಬರೆದಿದ್ದೀರಿ. ಆಮೇಲೆ ಈಸ್ಟರ್ ಹಾಡು ಕೇಳಿದ ಆ ಕ್ಷಣಕ್ಕೇ ಎಲ್ಲ ದುಃಖ ಮಾಯವಾಯಿತು ಅಂತ ಮುಗಿಸಿದ್ದೀರಿ. ನಾನು ನಂಬಲಿಲ್ಲ. ನೀವೂ ನಂಬಿಲ್ಲ ಅಂತ ಕಾಣುತ್ತದೆ. ಯಾಕಂದರೆ ಆ ಪುಟದಲ್ಲಿ ಮಾತು ಜಾಸ್ತಿ, ವಿವರ ಕಡಿಮೆ. ಮೂರು ತಿಂಗಳಲ್ಲಿ ಅವ್ವನ ದುಃಖ ಹೋಗುತ್ತದಾ? ಸುವಾರ್ತೆಯಲ್ಲೂ ಹಾಗಿಲ್ಲ. ಯೋಹಾನ 20ರಲ್ಲಿ ಶಿಷ್ಯೆ ಮಗ್ದಲದ ಮರಿಯಳು ಯೇಸುವಿನ ಸಮಾಧಿ ಬರಿದಾದದ್ದನ್ನು ಕಂಡ ಮೇಲೂ ಅಳುತ್ತಾ ನಿಂತಿದ್ದಾಳೆ. ಎದುರಿಗೆ ಬಂದ ಯೇಸುವನ್ನೇ ತೋಟಗಾರ ಅಂದುಕೊಳ್ಳುತ್ತಾಳೆ. (ತೋಟಗಾರ ಅಂದೆ, ಕಾಕಾ ನೆನಪಾದರು ಅಲ್ವಾ? ಅದನ್ನು ಲೇಖನದಲ್ಲಿ ಬಿಡಿಸಿ ಹೇಳಬೇಡಿ. ಓದುವವರಿಗೆ ತಾನೇ ಹೊಳೆಯಲಿ.)

ಚಾಟ್ನಿ ಇಲ್ಲೂ ಕೈ ಹಿಡಿಯುತ್ತದೆ. ಏಪ್ರಿಲ್ ಚಾಟ್ನಿಗೆ ಹಣ್ಣು ಬರುವುದಿಲ್ಲ, ಬರೀ ಕಡ್ಡಿ ಬೆಳೆಯುತ್ತದೆ. ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಕತ್ತರಿ. ಅದಾದ ಮೇಲೆ ಗೊನೆ. ಕೊಯ್ಲಿಗೆ ಫೆಬ್ರವರಿ-ಮಾರ್ಚ್ ಕಾಯಬೇಕು. ಹೊಸದಾಗುವುದು ಅಂದರೆ ನಿಮ್ಮೂರಲ್ಲಿ ಹೀಗೆ. ವರ್ಷ ಹಿಡಿಯುತ್ತದೆ, ಎರಡು ಸಲ ಕತ್ತರಿ ಬೀಳುತ್ತದೆ. ಈಸ್ಟರ್ ಮುಂಜಾನೆ ನಿಮ್ಮೊಳಗೆ ಒಂದು ಕಣ್ಣು ಬಿಟ್ಟಿತು ಅಂತ ಬರೆದರೆ ನಾನು ನಂಬುತ್ತೇನೆ. ಗೊನೆ ಬಿಟ್ಟಿತು ಅಂದರೆ ನಂಬುವುದಿಲ್ಲ.

ಸಣ್ಣಪುಟ್ಟ ತಿದ್ದುಪಡಿ ಇವೆ. ತಪಸ್ಸು ಕಾಲ 40 ದಿನ ಅಂದಿರಿ, ಮಾರ್ಚ್ 5ರ ಬೂದಿ ಬುಧವಾರದಿಂದ ಏಪ್ರಿಲ್ 20ರ ಈಸ್ಟರ್‌ವರೆಗೆ ಅಂತಲೂ ಅಂದಿರಿ. ನಮ್ಮ ಓದುಗರಲ್ಲಿ ಲೆಕ್ಕ ಹಾಕುವವರಿದ್ದಾರೆ, 46 ಬರುತ್ತದೆ. ನಡುವಿನ ಆರು ಭಾನುವಾರ ಎಣಿಸುವುದಿಲ್ಲ ಅಂತ ಒಂದು ಮಾತು ಸೇರಿಸಿ. ಈಸ್ಟರ್ ಯಾವಾಗಲೂ ಏಪ್ರಿಲ್‌ನಲ್ಲೇ ಅನ್ನುವುದು ತಪ್ಪು. ಮಾರ್ಚ್ 21ಕ್ಕೋ ಅದರ ನಂತರವೋ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಅದು. ನಮ್ಮ ಲೆಕ್ಕದಲ್ಲಿ ಒಮ್ಮೆ ಹೋಳಿ ಹುಣ್ಣಿಮೆ ಆದ ಮೇಲೆ, ಒಮ್ಮೆ ದವನದ ಹುಣ್ಣಿಮೆ ಆದ ಮೇಲೆ. 2025ರಲ್ಲಿ ದವನದ ಹುಣ್ಣಿಮೆ. 2024ರಲ್ಲಿ ಈಸ್ಟರ್ ಬಂದದ್ದು ಮಾರ್ಚ್ 31ಕ್ಕೆ. ಆ ವರ್ಷ ಈಸ್ಟರ್‌ನ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರದ ಮರುದಿನವೇ ಹೋಳಿ. ಬಾಗಲಕೋಟೆಯ ಹೋಳಿ ಗೊತ್ತಲ್ಲ, ಬಣ್ಣದಾಟ ಒಂದು ದಿನಕ್ಕೆ ಮುಗಿಯುವುದಿಲ್ಲ. ಇಲ್ಲಿ ಹುಡುಗರು ಬೆಂಕಿಗೆ ಹಲಗೆ ಕಾಯಿಸುತ್ತಿದ್ದ ವಾರವೇ ಚರ್ಚಿನವರಿಗೆ ಯೇಸುವಿನ ಯಾತನೆ ನೆನೆಯುವ ವಾರ. ಅದನ್ನು ಯಾರಾದರೂ ಬರೆದು ಕಳಿಸಲಿ ಅಂತ ಕಾಯುತ್ತಲೇ ಇದ್ದೇನೆ. ನೀವು ಬರೆಯಬೇಕು ಅಂತಲ್ಲ, ಸುಮ್ನೆ ಹೇಳಿದೆ.

'ನವಚೈತನ್ಯ', 'ದಿವ್ಯ ಸ್ಪರ್ಶ', 'ಆತ್ಮದ ಅಂಗಳ' ಈ ಮೂರೂ ಬೇಡ. ಅಂಗಳ ಬೇಕೇ ಬೇಕಾದರೆ ನಿಮ್ಮ ಮನೆಯ ಅಂಗಳ ಬರೆಯಿರಿ. ಅಲ್ಲೊಂದು ಬೇವಿನ ಗಿಡ ಇದೆ ಅಂತ ಎರಡನೇ ಪುಟದಲ್ಲಿ ಹೇಳಿದ್ದೀರಿ. ಅವ್ವ ಇದ್ದಾಗ ಅದರ ಕೆಳಗೆ ದಿನಾ ಕಸ ಹೊಡೆಯುತ್ತಿದ್ದರು ಅಂತಲೂ ಇದೆ. ಏಪ್ರಿಲ್ ಹೊತ್ತಿಗೆ ಬೇವು ಹಳೆ ಎಲೆ ಉದುರಿಸಿ, ಚಿಗುರಿ, ಹೂವು ಬಿಟ್ಟಿರುತ್ತದೆ. ಆ ವರ್ಷ ಕಸ ಯಾರು ಹೊಡೆದರು? ಅದನ್ನು ನೀವು ಹೇಳಿಯೇ ಇಲ್ಲ.

800 ಪದ ಸಾಕು. ಮುಂದಿನ ತಿಂಗಳ 10ರೊಳಗೆ ಕಳಿಸಿ. ಬರೆಯುವ ಮೊದಲು ಒಂದು ದಿನ ಕಾಕಾ ಜೊತೆ ತೋಟಕ್ಕೆ ಹೋಗಿ ಬನ್ನಿ. ಯಾವ ಕಣ್ಣು ಉಳಿಸಬೇಕು, ಯಾವುದು ಬೇಡ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ ಕೇಳಿ. ಈಸ್ಟರ್ ದಿನ ಆರಾಧನೆ ತಪ್ಪಿತಲ್ಲ, ತೋಟದಲ್ಲಿ ಏನನ್ನಿಸಿತು ಅಂತಲೂ ಕೇಳಿ. ಏನೂ ಅನ್ನಿಸಲಿಲ್ಲ, ಕೈಗೆ ಗುಳ್ಳೆ ಬಂದಿತ್ತು ಅಂದರೆ ಅದನ್ನೇ ಬರೆಯಿರಿ.