ಮಕ್ಕಳು ಪ್ರಾರ್ಥನೆಗೆ ಕೂರುವುದೇ ಇಲ್ಲ, ವಿಶ್ವಾಸ ಬೆಳೆಸುವುದು ಹೇಗೆ?

4 ಮತ್ತು 7 ವರ್ಷದ ಮಕ್ಕಳು ಮನೆ ಪ್ರಾರ್ಥನೆಗೆ ಕೂರುವುದಿಲ್ಲ, ಬೈದು ಕೂರಿಸಬೇಕಾ ಅಂತ ಕೇಳಿದ್ದೀರಿ. ನಾನು ಬೀದರ್‌ನವಳು. ಮೆಥೋಡಿಸ್ಟ್ ಅನ್ನುವ ಕ್ರೈಸ್ತ ಸಭೆಯಲ್ಲಿ ಬೆಳೆದವಳು, ಈಗ ಸಂಡೇ ಸ್ಕೂಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ನನಗೂ ಇಬ್ಬರು ಮಕ್ಕಳು. ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ.

ಬೈಯಬೇಡಿ. 4 ವರ್ಷದ ಮಗು ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುವುದಿಲ್ಲ, ಅದು ವಯಸ್ಸು ಅಷ್ಟೇ. ಒಂದು ಹಾಡು, ಎರಡು ಸಾಲಿನ ಪ್ರಾರ್ಥನೆ ಸಾಕು. ದೊಡ್ಡವರ ಉದ್ದ ಪ್ರಾರ್ಥನೆ ಮಕ್ಕಳು ಮಲಗಿದ ಮೇಲೆ ಇಟ್ಟುಕೊಳ್ಳಿ.

ದೊಡ್ಡವಳ ವಿಷಯದಲ್ಲಿ ನಾನೇ ತಪ್ಪು ಮಾಡಿದೆ. ಅವಳಿಗೆ 5 ವರ್ಷ ಇದ್ದಾಗ ಬೈಬಲ್‌ನ 23ನೇ ಕೀರ್ತನೆ ಪೂರ್ತಿ ಬಾಯಿಪಾಠ ಮಾಡಿಸಿದೆ. ಚರ್ಚ್‌ನಲ್ಲಿ ಒಂದೇ ಉಸಿರಿಗೆ ಹೇಳಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಕೇಳಿದಳು, "ಮಮ್ಮಿ, ಕೊರತೆಪಡೆನು ಅಂದ್ರ ಯಾರು?" 'ಯೆಹೋವನು ನನಗೆ ಕುರುಬನು, ಕೊರತೆಪಡೆನು', ಅಂದರೆ ದೇವರು ನನ್ನನ್ನು ಕಾಯುವ ಕುರುಬ, ನನಗೆ ಯಾವ ಕೊರತೆಯೂ ಆಗದು ಅನ್ನುವ ಮೊದಲ ಸಾಲಿನ ಅರ್ಥವೇ ಅವಳಿಗೆ ತಿಳಿದಿರಲಿಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಬೈಬಲ್‌ನಲ್ಲಿ ಧರ್ಮೋಪದೇಶಕಾಂಡ ಅನ್ನುವ ಪುಸ್ತಕದ 6ನೇ ಅಧ್ಯಾಯ ಓದಿ ನೋಡಿ. ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕು ಅಂತ ಅಲ್ಲಿದೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಮಗನ ಜೊತೆ ನಾನು ಆ ದಾರಿ ಹಿಡಿದೆ.

ನಮ್ಮ ಕಡೆ ರಾಶಿ ಮುಗಿದು ಹೊಲ ಖಾಲಿಯಾದಾಗ ಕುರಿ ಹಿಂಡು ಬಂದು ನಿಲ್ಲುತ್ತವೆ, ಅಲ್ವಾ? ಗೊಬ್ಬರ ಆಗಲಿ ಅಂತ ರೈತರೇ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಒಮ್ಮೆ ಭಾಲ್ಕಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಮಗನನ್ನು ಹಿಂಡಿನ ಹತ್ತಿರ ಕರೆದುಕೊಂಡು ಹೋದೆ. ಕುರುಬ ತಾತನ ಕಂಬಳಿಯೊಳಗಿಂದ ಒಂದು ಮರಿಯ ಮುಖ ಮಾತ್ರ ಕಾಣುತ್ತಿತ್ತು. ಮೂಗು ಇನ್ನೂ ಒದ್ದೆ. "ಅದ್ಯಾಕ ನಡೀವಲ್ದು?" ಅಂದ ಮಗ. "ನಿನ್ನಿ ರಾತ್ರಿ ಹುಟ್ಟ್ಯಾದ ತಮ್ಮಾ, ಕಾಲಾಗ ಇನ್ನಾ ಶಕ್ತಿ ಬಂದಿಲ್ಲ" ಅಂದ ತಾತ. ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ನಾನು ಕೇಳಿದೆ. ಕುರಿ ಎಲ್ಲಿ ಮಲಗುತ್ತವೋ ಅಲ್ಲೇ ಅಂದ.

ಅವತ್ತು ರಾತ್ರಿ ಆ ಕೀರ್ತನೆಯ ಒಂದೇ ಸಾಲು ಹೇಳಿಕೊಟ್ಟೆ. ಮಗ ಹೊದಿಕೆ ಎಳೆದುಕೊಂಡು, "ಹಂಗಾದ್ರ ಯೇಸಪ್ಪನೂ ಇಲ್ಲೇ ಮಲಗ್ತಾನಾ?" ಅಂದ. ಹೂಂ ಅಂದೆ. ಮುಂದಿನ ಸಾಲಿಗೆ ನಾನು ಅವಸರ ಮಾಡಲಿಲ್ಲ.

ಎರಡು ಮಾತು ಮಕ್ಕಳ ಮುಂದೆ ಆಡಲೇಬೇಡಿ. 'ದೇವರು ಶಿಕ್ಷೆ ಕೊಡುತ್ತಾನೆ' ಅನ್ನುವುದು ಒಂದು. 'ಕೇಳಿದ್ದೆಲ್ಲ ಸಿಗುತ್ತೆ' ಅನ್ನುವುದು ಇನ್ನೊಂದು. ನಮ್ಮ ಅತ್ತೆ ವಾಸಿಯಾಗಲಿ ಅಂತ ಮಕ್ಕಳು ದಿನಾ ಬೇಡಿಕೊಂಡರು, ಅತ್ತೆ ತೀರಿಕೊಂಡರು. ಯಾಕೆ ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಳೆಯ ಲಾಜರ ಸತ್ತಾಗ ಯೇಸುವೂ ಅತ್ತ ಅಂತ ಹೇಳಿದೆ. ಮೂವರೂ ಅತ್ತೆವು.

7 ವರ್ಷದ ಮಗುವಿಗೆ ವಾರದಲ್ಲಿ ಒಂದು ಹೊತ್ತು ಬೇರೆಯೇ ಕೊಡಿ. ನಮ್ಮ ಮೆಥೋಡಿಸ್ಟ್ ಸಭೆಗೆ ಮೂಲವಾದ ಜಾನ್ ವೆಸ್ಲಿಯ ತಾಯಿ ಸುಸನ್ನಾ 19 ಮಕ್ಕಳನ್ನು ಹೆತ್ತವಳು, ಎಷ್ಟೋ ಮಕ್ಕಳು ಎಳೆಯದರಲ್ಲೇ ತೀರಿಹೋದವು. ಉಳಿದವರನ್ನು ಒಬ್ಬೊಬ್ಬರನ್ನಾಗಿ ಒಂದೊಂದು ಸಂಜೆ ಕೂರಿಸಿಕೊಂಡು ಮಾತಾಡುತ್ತಿದ್ದಳು. ಜಾನ್‌ನ ಸರದಿ ಗುರುವಾರ.

ನನ್ನ ಮಗಳ ಸರದಿ ಬುಧವಾರ. ನಾನು ರೊಟ್ಟಿ ಬಡಿಯುತ್ತೇನೆ, ಅವಳು ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆ ಮಾಡಿ ಕೊಡುತ್ತಾಳೆ. ಹೋದ ವಾರ ಕೈ ನಿಲ್ಲಿಸಿ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಬಗ್ಗೆ ಕೇಳಿದಳು, "ಯೂದ ವಾಪಸ್ ಬಂದಿದ್ರ ಯೇಸಪ್ಪ ಕ್ಷಮಿಸ್ತಿದ್ನಾ?" ಒಲೆ ಆರಿಸಿ ಅವಳ ಎದುರಿಗೆ ಕೂತೆ.