ವಾರಕ್ಕೊಂದೇ ದಿನ ನುಂಗಬೇಕಾದ ಮಾತ್ರೆ

ಪ್ರಶ್ನೆ: ನನ್ನ ತಾಯಿಗೆ 56 ವರ್ಷ. ಬೆರಳು, ಮಣಿಕಟ್ಟುಗಳ ಕೀಲು ಬಾತು, ಬೆಳಿಗ್ಗೆ ಬಹಳ ಹೊತ್ತು ಬಿಗಿದುಕೊಳ್ಳುತ್ತಿದ್ದುದರಿಂದ ತೋರಿಸಿದೆವು. ರುಮಟಾಯ್ಡ್ ಸಂಧಿವಾತವೆಂದು ಹೇಳಿ ಮೆಥೋಟ್ರೆಕ್ಸೇಟ್ ಬರೆದಿದ್ದಾರೆ. ಸೋರಿಯಾಸಿಸ್ ಇರುವ ಚಿಕ್ಕಪ್ಪನಿಗೂ ಇದೇ ಮಾತ್ರೆ. ಇದು ಕ್ಯಾನ್ಸರ್ ಔಷಧವೆಂದು ಯಾರೋ ಹೇಳಿದ ಮೇಲೆ ಅಮ್ಮ ಹೆದರಿದ್ದಾರೆ. ವರ್ಷಗಟ್ಟಲೆ ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತೆಗೆದುಕೊಳ್ಳಬಹುದು. ಕೆಲವು ಕ್ಯಾನ್ಸರ್‌ಗಳಿಗೆ ಈ ಔಷಧವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಕೊಡುವುದು ನಿಜ. ಕೀಲು ಮತ್ತು ಚರ್ಮದ ಕಾಯಿಲೆಗೆ ಕೊಡುವುದು ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲು, ಚರ್ಮಗಳ ಮೇಲೆ ಎರಗುವುದನ್ನು ಇಷ್ಟು ಪ್ರಮಾಣ ತಗ್ಗಿಸುತ್ತದೆ. ಅಮೆರಿಕದಲ್ಲಿ ಸೋರಿಯಾಸಿಸ್‌ಗೆ 1971ರಲ್ಲಿ, ರುಮಟಾಯ್ಡ್ ಸಂಧಿವಾತಕ್ಕೆ 1988ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಗುಣ ಕಾಣಲು 6ರಿಂದ 12 ವಾರ ಬೇಕಾಗುವುದರಿಂದ, ಮೊದಲ ತಿಂಗಳಲ್ಲೇ ನೋವು ಹೋಗಲಿಲ್ಲವೆಂದು ಬಿಡಬಾರದು. ನೋವು ಹೋಯಿತೆಂದು ತಾವಾಗಿಯೇ ನಿಲ್ಲಿಸಿದರೂ ಕಾಯಿಲೆ ಮತ್ತೆ ಕೆರಳಿ ಕೀಲು ಸವೆಯಬಹುದು.

ನಾನು ನಿಜವಾಗಿ ಹೆದರುವುದು ಬೇರೊಂದಕ್ಕೆ. ಬಿಪಿ, ಶುಗರ್ ಮಾತ್ರೆಗಳನ್ನು ದಿನವೂ ನುಂಗಿ ರೂಢಿಯಾದವರು ಇದನ್ನೂ ದಿನವೂ ನುಂಗಿಬಿಡುತ್ತಾರೆ. ಹಾಗೆ ಕೆಲವೇ ದಿನ ನುಂಗಿದರೂ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಸಿದು, ಬಾಯಿ ಮತ್ತು ಕರುಳಿನ ಒಳಪದರದಲ್ಲಿ ಹುಣ್ಣಾಗಿ, ಪ್ರಾಣಕ್ಕೇ ಅಪಾಯವಾಗಬಹುದು. ಇದರ ಜೊತೆಗೆ ಬರೆದಿರುವ ಫೋಲಿಕ್ ಆಸಿಡ್ ಮಾತ್ರೆಯೂ ಹಲವು ಬಾರಿ ಇದರಂತೆಯೇ ಚಿಕ್ಕದಾಗಿ ಹಳದಿಯಾಗಿರುವುದರಿಂದ ಒಂದರ ಬದಲು ಇನ್ನೊಂದನ್ನು ನುಂಗುವುದುಂಟು. ಆದ್ದರಿಂದ ವಾರದ ಒಂದು ದಿನ, ಉದಾಹರಣೆಗೆ ಭಾನುವಾರ, ಎಂದು ನಿಶ್ಚಯಿಸಿ, ಪೆಟ್ಟಿಗೆಯ ಮೇಲೆ ಆ ದಿನದ ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಎರಡೂ ಮಾತ್ರೆಗಳನ್ನು ಬೇರೆ ಬೇರೆ ಕಡೆ ಇಡಿ. ಫೋಲಿಕ್ ಆಸಿಡ್ ವಾಕರಿಕೆ, ಬಾಯಿಹುಣ್ಣುಗಳನ್ನು ಕಡಿಮೆ ಮಾಡುತ್ತದೆ. ಅದನ್ನು ವೈದ್ಯರು ಹೇಳಿದ ಬೇರೆ ದಿನವೇ ಕೊಡಿ. ಒಂದು ವಾರ ಮರೆತರೆ, ಎರಡು ದಿನದೊಳಗೆ ನೆನಪಾದಲ್ಲಿ ತೆಗೆದುಕೊಳ್ಳಬಹುದು. ಅದಕ್ಕೂ ತಡವಾದರೆ ಆ ವಾರ ಬಿಟ್ಟು, ಮುಂದಿನ ವಾರ ಎಂದಿನಷ್ಟನ್ನೇ ಕೊಡಿ, ದುಪ್ಪಟ್ಟು ಬೇಡವೇ ಬೇಡ. ತಪ್ಪಿ ದಿನವೂ ನುಂಗಿದ್ದರೆ, ಯಾವ ತೊಂದರೆ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಫೋಲಿನಿಕ್ ಆಸಿಡ್ (ಫೋಲಿಕ್ ಆಸಿಡ್ ಅಲ್ಲ) ಎಂಬ ಮದ್ದು ಇದೆ, ಅದನ್ನು ಬೇಗ ಕೊಟ್ಟಷ್ಟೂ ಒಳ್ಳೆಯದು.

ರಕ್ತ ಪರೀಕ್ಷೆಯನ್ನು ಖರ್ಚೆಂದು ತಪ್ಪಿಸಬೇಡಿ. ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಇವನ್ನು ಮೊದಲ ಕೆಲವು ತಿಂಗಳು ಬೇಗಬೇಗ, ಆಮೇಲೆ ಸಾಮಾನ್ಯವಾಗಿ 2–3 ತಿಂಗಳಿಗೊಮ್ಮೆ ಮಾಡಿಸಬೇಕಾಗುತ್ತದೆ. ಔಷಧವು ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಕ್ರಿಯಾಟಿನಿನ್ ಏರಿದರೆ ಎಂದಿನ ಪ್ರಮಾಣವೇ ಹೆಚ್ಚಾಗಿ ಪರಿಣಮಿಸುತ್ತದೆ. ವಾಂತಿಭೇದಿಯಾಗಿ ದೇಹ ಒಣಗಿದಾಗಲೂ, ಜ್ವರ ಬಂದು ಆಂಟಿಬಯಾಟಿಕ್ ಬೇಕಾದಾಗಲೂ, ಆ ವಾರದ ಮಾತ್ರೆ ತಡೆಯಬೇಕೇ ಎಂದು ವೈದ್ಯರನ್ನು ಕೇಳಿ. ಮೂತ್ರದ ಸೋಂಕಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್ ಇದರೊಂದಿಗೆ ಸೇರಿದರೆ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯಬಹುದು. ಬೇರೆ ಯಾವ ವೈದ್ಯರಲ್ಲಿಗೆ ಹೋದರೂ, ಮೆಡಿಕಲ್ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಳ್ಳುವಾಗಲೂ ಈ ಔಷಧದ ಹೆಸರು ಹೇಳಿ. ನಾಟಿ ಔಷಧ ಸೇವಿಸುತ್ತಿದ್ದರೆ ಅದನ್ನೂ ವೈದ್ಯರಿಂದ ಮುಚ್ಚಿಡಬೇಡಿ. ಚಿಕ್ಕಪ್ಪನವರಿಗೆ ಮದ್ಯದ ಅಭ್ಯಾಸವಿದ್ದರೆ ಲಿವರ್ ದೃಷ್ಟಿಯಿಂದ ಅದನ್ನು ಬಿಡುವುದೇ ಸರಿ.

ಬಾಯಿಹುಣ್ಣು, ಗಂಟಲುನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಕಣ್ಣು ಹಳದಿಯಾಗುವುದು, ಹೊಸದಾಗಿ ಒಣಕೆಮ್ಮು ಬಂದು ಏದುಸಿರು ಕಾಣುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ತೋರಿಸಿ.

ಪ್ರಶ್ನೆ: ನನಗೆ 29 ವರ್ಷ, ಸಂಧಿವಾತಕ್ಕೆ ಇದೇ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗು ಬೇಕೆಂದಿದೆ.
– ಓದುಗರೊಬ್ಬರು, ಶಿರಸಿ

ಉತ್ತರ: ಮೆಥೋಟ್ರೆಕ್ಸೇಟ್ ಗರ್ಭಪಾತಕ್ಕೂ ಶಿಶುವಿನ ಅಂಗವೈಕಲ್ಯಕ್ಕೂ ಕಾರಣವಾಗಬಲ್ಲದು. ಗರ್ಭ ಧರಿಸುವ ಪ್ರಯತ್ನಕ್ಕೆ ಸಾಮಾನ್ಯವಾಗಿ 3 ತಿಂಗಳು ಮೊದಲೇ ಇದನ್ನು ನಿಲ್ಲಿಸಬೇಕು; ಆ 3 ತಿಂಗಳು ಮುಗಿಯುವವರೆಗೆ ಗರ್ಭನಿರೋಧಕ ತಪ್ಪಿಸಬಾರದು, ಫೋಲಿಕ್ ಆಸಿಡ್ ಮುಂದುವರಿಸಬೇಕು. ಆದರೆ ಬದಲಿ ಏರ್ಪಾಡಿಲ್ಲದೆ ನಿಲ್ಲಿಸಬೇಡಿ. ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜೀನ್‌ಗಳನ್ನು ಗರ್ಭಿಣಿಯರಿಗೂ ಕೊಡಬಹುದಾದ್ದರಿಂದ, ನಿಮ್ಮ ಯೋಚನೆಯನ್ನು ರುಮಟಾಲಜಿ ವೈದ್ಯರಿಗೆ ಈಗಲೇ ತಿಳಿಸಿ. ಈ ನಡುವೆ ಮುಟ್ಟು ನಿಂತರೆ ಮಾತ್ರೆ ತಡೆದು, ಪರೀಕ್ಷೆ ಮಾಡಿಸಿಕೊಂಡು, ಅಂದೇ ಅವರನ್ನು ಸಂಪರ್ಕಿಸಿ.