ಪರ್ರ್ ಎನ್ನುವ ಸದ್ದು

(ಮನೆಯ ತಕರಾರಿಗೆ ಸಲಹೆ ಕೇಳಿ ನನ್ನಲ್ಲಿಗೆ ಬಂದ ಒಂದು ದಂಪತಿಯ ಸಂಗತಿ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಇವರು ಮನೇಲಿ ಇಸ್ಪೀಟು ಆಡ್ತಾರೆ ಮೇಡಂ" ಎಂದು ಆಕೆ ಶುರು ಮಾಡಿದರು. ಪಕ್ಕದಲ್ಲಿದ್ದ ಗಂಡ ತಲೆ ಎತ್ತದೆ, "ಆಡಲ್ಲ, ಕಲೀತಿದೀನಿ" ಅಂದರು.

ನಾನು ಆನ್‌ಲೈನ್ ರಮ್ಮಿ ಎಂದೇ ಎಣಿಸಿದೆ. ಈಚೆಗೆ ನನ್ನಲ್ಲಿಗೆ ಬರುವ ಇಸ್ಪೀಟಿನ ತಕರಾರುಗಳೆಲ್ಲ ಅವೇ. ಕೈಸಾಲ, ಅಡವಿಟ್ಟ ಒಡವೆ, ಫೋನಿಗೆ ಬರುವ ವಸೂಲಿ ಕರೆ, ಎಲ್ಲ ಕೇಳಿದೆ. ಒಂದೂ ಇಲ್ಲ. ಖರ್ಚಾಗಿದ್ದು ಮೂರು ಪ್ಯಾಕ್ ಎಲೆಗೆ ಮಾತ್ರ. ಆತ ಕಲಿಯುತ್ತಿದ್ದುದು ಎಲೆಗಳ ಜಾದೂ. ಅರ್ಧ ಗಂಟೆ ತಪ್ಪು ದಾರಿಯಲ್ಲಿ ನಡೆದಿದ್ದೆ.

"ಒಂದು ತೋರಿಸಿ" ಎಂದೆ. ಆತ 21 ಎಲೆ ಎಣಿಸಿ, ಏಳೇಳರಂತೆ ಮೂರು ಸಾಲು ಹಾಸಿದರು. ನಾನು ಮನಸ್ಸಿನಲ್ಲಿ ಆಟೀನ್ ರಾಣಿ ಹಿಡಿದೆ. ಯಾವ ಸಾಲಿನಲ್ಲಿದೆ ಎಂದು ಮೂರು ಸಲ ಕೇಳಿ, ಹೇಳಿದ ಸಾಲನ್ನು ಪ್ರತಿಸಲವೂ ಉಳಿದೆರಡರ ನಡುವೆ ಇಟ್ಟು ಮತ್ತೆ ಹಂಚಿದರೆ, ಕೊನೆಗೆ ಆ ಎಲೆ ಹನ್ನೊಂದನೆಯದಾಗಿ ನಿಲ್ಲುತ್ತದೆ. ಕೈಚಳಕ ಬೇಕಿಲ್ಲ, ಲೆಕ್ಕವೇ ಕೆಲಸ ಮಾಡುತ್ತದೆ. (ಇದು ಶಾಲೆ ಮಕ್ಕಳಿಗೂ ಗೊತ್ತು, ಅದಕ್ಕೇ ಬರೆದೆ. ಉಳಿದವನ್ನು ಬರೆಯುವುದಿಲ್ಲವೆಂದು ಆತನಿಗೆ ಮಾತು ಕೊಟ್ಟಿದ್ದೇನೆ.) ಎರಡನೇ ಸಲ ಆತ ಗಡಿಬಿಡಿಯಲ್ಲಿ ಸಾಲನ್ನು ಮೇಲಿಟ್ಟರು. ಬಂದದ್ದು ಡೈಮನ್ ನಾಲ್ಕು.

"ತಡೀರಿ, ಇನ್ನೊಂದ್ಸಲ."

ಹೆಂಡತಿ ಕಿಟಕಿ ಕಡೆ ತಿರುಗಿದರು. ಒಗ್ಗರಣೆ ಹಾಕುವಾಗ, ಮಗಳ ಜಡೆ ಹೆಣೆಯುವಾಗ, ಎಂಟು ತಿಂಗಳಿಂದ ಆಕೆ ಕೇಳುತ್ತಿರುವುದು ಈ "ಇನ್ನೊಂದ್ಸಲ". ಆದರೆ ಗಂಡ ಎಲೆಗಳ ಅಂಚನ್ನು ಹೆಬ್ಬೆರಳಿಂದ ಪರ್ರ್ ಎನಿಸಿದಾಗ ಆಕೆಯ ಭುಜ ಬಿಗಿದದ್ದನ್ನು ಕಂಡೆ. ಅದು ಬೇಸರದ ಬಿಗಿತವಲ್ಲ.

ಮುಂದಿನ ವಾರ ಆಕೆಯೊಬ್ಬರನ್ನೇ ಕರೆದೆ. ಯುಗಾದಿಗೆ ಎರಡು ದಿನ ಎಲೆ ಹಾಕುವುದು ಅವರ ಊರಲ್ಲಿ ಹಬ್ಬದ ಭಾಗವೇ. ಅಪ್ಪನಿಗೆ ಮಾತ್ರ ಆ ಯುಗಾದಿ ವರ್ಷವಿಡೀ ನಡೆಯುತ್ತಿತ್ತು. ಅಂದರ್ ಬಾಹರ್‌ಗೆ ಗದ್ದೆ ಹೋಯಿತು. ಪಡಸಾಲೆಯಲ್ಲಿ ಎಲೆ ಕಲೆಸುವ ಸದ್ದು ಕೇಳುತ್ತಾ ಈಕೆ ಅವ್ವನ ಪಕ್ಕ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರಂತೆ. ಗದ್ದೆ ಹೋದದ್ದು ಗಂಡನಿಗೆ ಗೊತ್ತಿತ್ತು. ಸದ್ದಿನ ಸಂಗತಿ ಗೊತ್ತಿರಲಿಲ್ಲ.

ಆತನದು ಬೇರೆ ಕತೆ. ವರ್ಗವಾಗಿ ಬಂದ ಹೊಸ ಕಚೇರಿಯಲ್ಲಿ ಮಾತಾಡಿಸುವವರಿಲ್ಲ. ಯಾರದೋ ಬೀಳ್ಕೊಡುಗೆಯಲ್ಲಿ ಒಬ್ಬ ಹುಡುಗ ಎಲೆ ತೆಗೆಸಿದಾಗ ಎಲ್ಲರೂ ಅವನನ್ನು ಮುತ್ತಿಕೊಂಡದ್ದು ಕಂಡು ಆಸೆಯಾಯಿತು. ಫೋನಿನಲ್ಲಿ ಅರವತ್ತು ವಿಡಿಯೋ ಕೂಡಿಟ್ಟಿದ್ದರು, ಪೂರ್ತಿ ಕಲಿತದ್ದು ಸೊನ್ನೆ. ಎರಡು ಎಲೆಯನ್ನು ಒಂದರಂತೆ ಎತ್ತುವ ಡಬಲ್ ಲಿಫ್ಟ್‌ನ್ನು ನಾಲ್ಕೇ ದಿನದ ಅಭ್ಯಾಸದಲ್ಲಿ ಕಚೇರಿಗೆ ಒಯ್ದರು. "ಸಾರ್, ಎರಡು ಹಿಡ್ಕೊಂಡಿದೀರಿ" ಎಂದು ಅಟೆಂಡರ್ ನಕ್ಕ. ಅಂದಿನಿಂದ ಪ್ರೇಕ್ಷಕರು ಹೆಂಡತಿ ಒಬ್ಬರೇ.

ಆತನಿಗೆ ಹೇಳಿದ್ದು: ಒಂದು ತಿಂಗಳು ಎರಡೇ ಜಾದೂ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು. ಕೈ ದಣಿದ ಮೇಲೂ ತಿರುವುತ್ತಿದ್ದರೆ ಬೆರಳು ತಪ್ಪನ್ನೇ ಕಲಿಯುತ್ತದೆ. ಕನ್ನಡಿಯನ್ನಷ್ಟೇ ನಂಬಬೇಡಿ, ಗುಟ್ಟಿನ ಗಳಿಗೆಗೆ ಸರಿಯಾಗಿ ಕಣ್ಣು ಮಿಟುಕುತ್ತದೆ, ನಿಮಗೇ ಕಾಣುವುದಿಲ್ಲ. ಫೋನನ್ನು ಚೊಂಬಿಗೆ ಒರಗಿಸಿ ರೆಕಾರ್ಡ್ ಮಾಡಿ ನೋಡಿ. ಮನೆಯೊಳಗೆ ಪರ್ರ್ ಬೇಡ. ದಪ್ಪ ಟವೆಲ್ ಹಾಸಿಕೊಂಡು, ಕೈಯಿಂದ ಕೈಗೆ ಸ್ವಲ್ಪ ಸ್ವಲ್ಪವೇ ಉದುರಿಸಿ ಕಲೆಸಿ. ಉಳಿದದ್ದು ಟೆರೇಸಿನಲ್ಲಿ. ಆಕೆ ಕೇಳಿದರೆ ಮಾತ್ರ ತೋರಿಸಿ, ಅದೂ ಒಂದೇ ಸಲ. ತಪ್ಪಿದರೆ ನಕ್ಕು ಎಲೆ ಎತ್ತಿಡಿ.

ಇದಕ್ಕೆ ಆತ ತಕರಾರು ತೆಗೆದರು. ಮೂರು ಸಲ ತೋರಿಸಿದರೆ ಯಾವ ಜಾದೂವನ್ನಾದರೂ ಪತ್ತೆ ಮಾಡುತ್ತೇನೆಂದು ಹೆಸರಾಂತ ಜಾದೂಗಾರ ಹೂಡಿನಿ ಜಂಬ ಕೊಚ್ಚುತ್ತಿದ್ದ. 1922ರಲ್ಲಿ ಶಿಕಾಗೋದಲ್ಲಿ ಡೈ ವರ್ನನ್ ಎಂಬ ಎಲೆ ಜಾದೂಗಾರ ಒಂದೇ ಎಲೆಯನ್ನು ಮತ್ತೆ ಮತ್ತೆ ಮೇಲಕ್ಕೆ ತಂದು ತೋರಿಸಿದರೂ ಹೂಡಿನಿಗೆ ಗುಟ್ಟು ತಿಳಿಯಲಿಲ್ಲ. "ಅವರು ಮತ್ತೆ ಮತ್ತೆ ತೋರಿಸಲಿಲ್ವಾ ಮೇಡಂ?"

"ಹೂಡಿನಿ ಒಲೆ ಮೇಲೆ ಹಾಲಿಟ್ಟು ಬಂದಿರಲಿಲ್ಲ" ಎಂದೆ. ಆಕೆ ಮೊದಲ ಸಲ ನಕ್ಕರು.

ಕಷ್ಟವಾದದ್ದು ಇನ್ನೊಂದು ಕೆಲಸ. ಅಪ್ಪನ ಕತೆಯನ್ನು ಆಕೆ ಹೇಳುವಾಗ "ನಾನು ದುಡ್ಡು ಕಟ್ಟಿ ಆಡಲ್ಲವಲ್ಲ" ಎಂದು ನಡುವೆ ಬಾಯಿ ಹಾಕದೆ ಕೇಳುವುದು. ಎರಡು ಸಲ ಹಾಕಿದರು. ಮೂರನೇ ಸಲ ಸುಮ್ಮನಿದ್ದರು, ಆಮೇಲೆ ಬಹಳ ಹೊತ್ತು ಪ್ಯಾಕ್ ಮುಟ್ಟಲಿಲ್ಲ. ಆಕೆಗೆ ನಾನು ಹೇಳಿದ್ದು ಇಷ್ಟೇ: ಮಗಳ ಮುಂದೆ ಇದನ್ನು ಇಸ್ಪೀಟಾಟ ಅನ್ನಬೇಡಿ, ಸಾಕಾದಾಗ "ಈಗ ಬೇಡ" ಅನ್ನಿ, ಕಾರಣ ಕೊಡಬೇಕಿಲ್ಲ.

ಆರು ವಾರದ ನಂತರ ಬಂದರು. ಟೆರೇಸಿನ ಸದ್ದು ಕೆಳಗೂ ಕೇಳುತ್ತದೆ, ಆಕೆಗೆ ಅದು ಇನ್ನೂ ಹಿಡಿಸಿಲ್ಲ. ಕಚೇರಿಯಲ್ಲಿ ಟೀ ಹೊತ್ತಿಗೆ ಒಬ್ಬರಿಗೆ, ಒಬ್ಬರಿಗೇ, ತೋರಿಸಿದ್ದಾರೆ. ನನ್ನೆದುರು ಮತ್ತೆ 21 ಎಲೆ ಹಾಸಿದರು. ಎರಡನೇ ಸಲ ಆತನ ಕೈ ಸಾಲನ್ನು ಹಿಡಿದು ಅನುಮಾನಿಸಿತು.

"ನಡುವೆ ರೀ, ನಡುವೆ" ಅಂದರು ಆಕೆ, ಕಿಟಕಿಯಿಂದ ಮುಖ ತಿರುಗಿಸದೆ.